ಕೊಟ್ಟದ್ದರಾಗ ಕಲೆ

ಅಲ್ಲಲ್ಲ, ಎಡಕ್ಕ ಅಲ್ಲರೀ, ಬಲಕ್ಕ. ಬಲಗಡೆ, ಕೆಳಗಿನ ಮೂಲಿಯಾಗ. ನಾನ ಬೆರಳು ಹಚ್ಚಿ ತೋರಸ್ತಿದ್ದೆ, ಆದ್ರ ಗಾಜಿಗೆ ಬೆರಳು ಹಚ್ಚಬಾರದು ಅಂತ ನಿಮ್ಮ ಕಂಪನಿ ಪುಸ್ತಕದಾಗ ಬರದೈತಿ. ಹೂಂ, ಓದೀನಿ. ಹೊಸ ವಸ್ತು ಮನಿಗೆ ಬಂದ್ರ ಮೊದಲ ಅದರ ಪುಸ್ತಕ ಓದೂದು ನನ್ನ ಪದ್ಧತಿ... ಕಾಣವಲ್ದೇನು? ಇನ್ನೊಮ್ಮೆ ನೋಡ್ರಿ. ಬಿಳಿ ಕಲೆ. ಕಡ್ಲಿಬ್ಯಾಳಿಯಷ್ಟು ಇರಬೇಕು. ಅವಸರ ಮಾಡಬ್ಯಾಡ್ರಿ. ಹಾವೇರಿಯಿಂದ ಈ ಬಿಸಲಾಗ ರಾಣೆಬೆನ್ನೂರಿನ ತನಕ ಗಾಡಿ ಹೊಡಕೊಂಡು ಬಂದೀರಿ, ಬಂದ ಕೆಲಸ ಸಮಾಧಾನದಿಂದ ಮಾಡ್ರಿ.

ಧೂಳಿರಬೇಕು ಅಂತೀರಾ? ನಮ್ಮ ಮನಿಯಾಗ ಧೂಳಿರೂದಿಲ್ಲ. ಒರಸ್ರಿ, ಬೇಕಾದ್ರ ಒರಸಿ ನೋಡ್ರಿ... ನೋಡಿದ್ರಿ? ನಿಮ್ಮ ಅರಿವಿ ಹೆಂಗ ಇತ್ತೋ ಹಂಗ ಐತಿ. ಮೈಲೇಶ ಅಂದ್ರಿ ಅಲ್ಲ ಹೆಸರು? ದೇವರಗುಡ್ಡದ ಕಡೆಯವರ ಇರಬೇಕು. ಯಾಕ ನಗ್ತೀರಿ? ವರ್ಷಾನುಗಟ್ಟಲೆ ಸಾಲಿಯಾಗ ಹಾಜರಿ ಕರದಾಕಿ ನಾ, ಹೆಸರು ಕೇಳಿದ್ರ ಊರು ಹೇಳ್ತೀನಿ.

ಬೆಳಕು ಹೆಚ್ಚಾತೇನು? ಪರದೆ ಎಳೀಲಿ? ಕಿಡಕಿ ಪರದೆ ಅಂದೆ ನಾ. ನಿಮ್ಮ ಸ್ಕ್ರೀನಿಗೂ ಕನ್ನಡದಾಗ ಪರದೆ ಅಂತನ ಬರೀತಾರ, ಗೊತ್ತೈತಿ. ಆದ್ರ ನಮ್ಮ ಮನಿಯಾಗ ಪರದೆ ಅಂದ್ರ ಒಳಗಿಂದು ಹೊರಗಿನವರಿಗೆ ಕಾಣಬಾರದು ಅಂತ ಹಾಕೂದು. ನಿಮ್ಮದು ತೋರಸೂದು. ಎರಡಕ್ಕೂ ಒಂದ ಹೆಸರು ಯಾರು ಇಟ್ಟರೋ... ಆ ಅಡಗಿಮನಿ ಬಾಗಿಲದ್ದು ಬ್ಯಾಡ, ಅದು ಹಂಗ ಇರಲಿ. ಅಲ್ಲಿ ನನ್ನ ಮಗಳು ಅದಾಳ. ಚಾ ಮಾಡಾಕತ್ತಾಳ.

ಇಲ್ಲ, ಸಕ್ಕರಿ ಎಲ್ಲಾರಂಗನ ಹಾಕ್ತೀವಿ. ನೀವು ನೋಡ್ರಿ.

ನಿಮಗ ಅನಸಬಹುದು, ಈ ಮುದುಕಿ ಇಷ್ಟು ಸಣ್ಣ ಕಲೆಗೆ ಕಂಪನಿಗೆ ಹತ್ತು ಸಲ ಫೋನ್ ಮಾಡಿಸ್ತಾಳಲ್ಲ ಅಂತ. ನಾ ಹುಬ್ಬಳ್ಳಿ ಕಾನ್ವೆಂಟಿನಾಗ ಕಲತಾಕಿ ಮೈಲೇಶ ಅವರ. ಅಲ್ಲಿ ಬೆಳಿಗ್ಗೆ ಪ್ರಾರ್ಥನಾಕ್ಕ ನಿಂತಾಗ ಸಿಸ್ಟರ್‌ಗೋಳು ಒಬ್ಬೊಬ್ಬರ ಉಗುರು, ಕಾಲರು, ಕಾಲಚೀಲ ನೋಡತಿದ್ರು. ಕಾಲಚೀಲದ ಮ್ಯಾಲೆ ಶಾಯಿ ಕಲೆ ಕಂಡ್ರ ಸಾಲಿನಿಂದ ಹೊರಗ ಕರದು ಮನಿಗೆ ವಾಪಸ್ ಕಳಸವರು. ಅತ್ತ್ರೂ ಅಷ್ಟ, ಕಾಲಿಗೆ ಬಿದ್ರೂ ಅಷ್ಟ. ನಾ ಒಮ್ಮೆನೂ ವಾಪಸ್ ಹೋಗಿಲ್ಲ. ಒಮ್ಮೆ ಕಲೆ ಆಗಿತ್ತು, ಖರೇ. ಹೊಳ್ಳಿಸಿ ಹಾಕ್ಕೊಂಡೆ, ಒಳಗಿಂದು ಹೊರಗ. ಯಾರಿಗೂ ಗೊತ್ತಾಗಲಿಲ್ಲ. ಮುಂದ ಇದ ಊರಾಗ ಇಂಗ್ಲಿಷ್ ಸಾಲಿಯ ದೊಡ್ಡ ಬಾಯಾರು, ಅಂದ್ರ ಹೆಡ್‌ಮಿಸ್ಟ್ರೆಸ್, ಆದಮ್ಯಾಲೆ ನಾನೂ ಅದ ಪದ್ಧತಿ ನಡಸಿದೆ. ಮಂದಿ ಬೈದ್ರು. ಈಗ ಅವರ ಬಂದು, ಬಾಯಾರ ನಿಮ್ಮಿಂದ ನಮ್ಮ ಮಕ್ಕಳು ಸ್ವಚ್ಛ ಇರೂದು ಕಲತ್ರು ಅಂತ ಕೈ ಮುಗೀತಾರ.

ಆತು, ನಿಮ್ಮ ಯಂತ್ರದ ಮಾತಿಗೆ ಬರತೀನಿ.

ಇದು ನನಗಂತ ತಗೊಂಡದ್ದಲ್ಲ. ಮಗಳಿಗೆ. ಮೀನಾಕ್ಷಿ ಅಂತ. ಒಬ್ಬಾಕಿನ ಮಗಳು, ಅವರಪ್ಪ ತೀರಕೊಂಡಾಗ ಹೈಸ್ಕೂಲಿನಾಗ ಇದ್ದಳು. ಅಕಿ ಮದುವಿ ಆಲ್ಬಂ ಮಾಡ್ತಾಳ. ಹಾವೇರಿಯ ಸ್ಟುಡಿಯೋದವರು ಫೋಟೋ ಕಳಸ್ತಾರ, ಇಕಿ ಬಣ್ಣ ತಿದ್ದಿ, ಜೋಡಿಸಿ, ತಿರುಗಿ ಕಳಸ್ತಾಳ. ಮದುಮಗಳ ಗಲ್ಲದ ಮ್ಯಾಲೆ ಮೊಡವಿ ಇತ್ತು, ಇಲ್ಲದಂಗ ಮಾಡ್ತಾಳ. ಬೀಗರ ಧೋತರದ ಮ್ಯಾಲೆ ಸಾರು ಚೆಲ್ಲಿತ್ತು, ತಗೀತಾಳ. ಎಂಥಾ ಕಲೆ ಇದ್ರೂ ಅಕಿ ಕೈಯಾಗ ನಿಲ್ಲೂದಿಲ್ಲ ನೋಡ್ರಿ. ಫೋಟೋದಾಗಿಂದು.

ಮದುವಿ ಗೊತ್ತಾದಾಗ ಅಕಿ ಕೇಳಿದ್ದು ಇದೊಂದ. ಬಂಗಾರ ಎಷ್ಟರ ಹಾಕವ್ವಾ, ಆದ್ರ ಅಲ್ಲೂ ನನ್ನ ಕೆಲಸ ನಡೀಬೇಕು, ಬಣ್ಣ ಖರೇ ಖರೇ ತೋರಸೂ ಕಂಪ್ಯೂಟರ್ ಕೊಡಸು ಅಂದ್ಲು. ಹುಬ್ಬಳ್ಳಿಗೆ ಕರಕೊಂಡು ಹೋಗಿ, ಅಂಗಡಿಯಾಗ ಎಲ್ಲಕ್ಕಿಂತ ಮ್ಯಾಲಿನದು ಯಾವುದೋ ಅದನ್ನ ತಗೀರಿ ಅಂದೆ. ಅಂಗಡಿಯಾಂವ ದೀಪ ಆರಿಸಿ ಇದನ್ನ ಹಚ್ಚಿದ. ಒಂದು ಪೇರಲಹಣ್ಣಿನ ಚಿತ್ರ ಬಂತು, ಹಲ್ಲು ಹಚ್ಚಬೇಕು ಅನಸ್ತು. ಇದರಾಗ ಕಲೆ ಹುಡುಕಾವರು ಕಣ್ಣ ತೊಳಕೊಂಡು ಬರಬೇಕು ಮೇಡಂ ಅಂದ. ವರದಕ್ಷಿಣಿ ಅಲ್ಲ ಮತ್ತ. ಕೇಳಾವರು ಅವರಲ್ಲ, ಕೊಡಾವರು ನಾವಲ್ಲ. ಅಕಿ ದುಡಿಯೂ ಸಾಮಾನು, ಅಕಿ ಜೋಡಿ ಹೋತು.

ಹೋದದ್ದು ಬ್ಯಾಡಗಿಗೆ. ಮೆಣಸಿನಕಾಯಿ ದಲಾಲಿ ಮನಿ. ಮನಿ ಅಡ್ಡಹೆಸರು ಬ್ಯಾಡ ಬಿಡ್ರಿ, ನಿಮಗೂ ಗೊತ್ತಿರಬಹುದು. ದೊಡ್ಡ ಮನಿತನ. ಅಳಿಯ ಪ್ರೇಮಕುಮಾರ ಮೆತ್ತನ್ನ ಮಾತಿನಾಂವ. ಎಷ್ಟು ಮೆತ್ತಗ ಅಂದ್ರ ಅವರವ್ವನ ಮುಂದ ಕೇಳಸೂದ ಇಲ್ಲ. ಅವರವ್ವ ಜಯವ್ವ, ನಮ್ಮ ಬೀಗತಿ. ಅಂಗಡಿ ಅಕಿ ಕಣ್ಣಾಗ ನಡೀತೈತಿ ಅಂತ ಊರ ಹೇಳತೈತಿ. ಮೆಣಸಿನಕಾಯಿ ರಾಶಿಯೊಳಗ ಬಿಳಿಚಿದ ಕಾಯಿ ಇರತಾವಲ್ಲ, ಅವನ್ನ ಆರಿಸಿ ಬ್ಯಾರೆ ಹಾಕಾಕ ಆಳು ಕುಂದರಿಸಿರತಾರ. ಆಳು ಎದ್ದು ಹೋದಮ್ಯಾಲೆ ಜಯವ್ವ ಬಂದು ಮತ್ತ ಒಮ್ಮೆ ಕೈಯಾಡಸ್ತಾಳ.

ಅವರದ ಫೋನ್ ಬಂತು. ಯುಗಾದಿ ಆಗಿತ್ತು, ನಾ ಉಪ್ಪಿನಕಾಯಿಗೆ ಮಾವಿನಕಾಯಿ ಹೆಚ್ಚಾಕತ್ತಿದ್ದೆ. ‘ಬಾಯಾರ, ನೀವು ಕೊಟ್ಟ ಕಂಪ್ಯೂಟರಿನಾಗ ಬಿಳಿ ಕಲೆ ಐತಿ’ ಅಂದ್ರು. ‘ಮೊದಲ ಕಾಣಲಿಲ್ಲ, ಈಗ ಕಾಣಾಕತ್ತೈತಿ. ಬಿಳಿಚಿದ ಕಾಯಿ ಒಂದ ಸಿಕ್ಕ್ರೂ ರಾಶಿ ರೇಟು ಬೀಳತೈತಿ, ತಿಳದವರು ನೀವು. ಕಳಸ್ತೀವಿ, ನೋಡ್ಕೋರಿ.’ ಅಷ್ಟ. ಧ್ವನಿ ಏರಸಲಿಲ್ಲ, ಬೈಲಿಲ್ಲ. ಮರ್ಯಾದಸ್ಥರು. ಕಂಪ್ಯೂಟರಿನ ಮಾತು, ಬೈಯೂ ಅಂಥಾದ್ದೇನೈತಿ ಅದರಾಗ.

ಮರುದಿನ ಸಂಜಿಮುಂದ ಗೂಡ್ಸ್ ಆಟೋ ಬಂತು. ಹಿಂದ ಈ ಡಬ್ಬಿ. ಥರ್ಮಾಕೋಲು, ಪ್ಲಾಸ್ಟಿಕ್ಕು, ವಾಯರು, ಎಲ್ಲಾ ಅಂಗಡಿಯಿಂದ ಬಂದಿದ್ದ ಹಂಗನ ಜೋಡಿಸಿದ್ರು. ವಾಪಸ್ ಕೊಡೂ ವಸ್ತು ಹಂಗನ ಕೊಡಬೇಕಲ್ಲ, ಇಲ್ಲಾಂದ್ರ ನೀವು ತಗೋಳೂದಿಲ್ಲ. ಮುಂದ ಡ್ರೈವರ್ ಬಾಜೂಕ ಮೀನಾ ಕುಂತಿದ್ಲು. ದಾರ್ಯಾಗ ಒಡೀಬಾರದು ಅಂತ ಜೋಡಿ ಬಂದಾಳ. ಇದು ರಿಪೇರಿ ಆದಕೂಡ್ಲೆ ಇದರ ಜೋಡಿನ ಹೋಗ್ತಾಳ.

ಏನ ನೋಡ್ತೀರಿ? ಅದಾ? ಅದು ಟ್ರಂಕು. ಅಕಿದು. ಸೀರಿ ಅದಾವು ಅದರಾಗ, ಬಿಸಲಿಗೆ ಹಾಕಬೇಕು ಅಂತ ತಂದಾಳ. ಅಲ್ಲಿ ಅಂಗಳದ ತುಂಬ ಮೆಣಸಿನಕಾಯಿ, ರೇಷ್ಮಿಗೆ ಘಾಟು ಹತ್ತತೈತಿ... ಎಲ್ಲಾ ಸೀರಿನೂ, ಹೂಂ. ಸ್ವೆಟರೂ ಐತಿ. ದೇವರ ಫೋಟೋ ಐತಿ. ತವರಿಗೆ ಬರೂ ಹೆಣ್ಣಮಕ್ಕಳು ಏನೇನ ತರತಾರ ಅಂತ ನೀವು ಯಾಕ್ರಿ ನೋಡಬೇಕು. ನೋಡಾಕ ಕೊಟ್ಟದ್ದು ಇಲ್ಲೈತಿ, ಇದನ್ನ ನೋಡ್ರಿ.

ಇಲ್ಲ, ಸಿಟ್ಟು ಬಂದಿಲ್ಲ.

ಒಂದ ಮಾತು ಮಾತ್ರ ನನಗ... ನಿಮ್ಮ ಮನಿಯಾಗೂ ಇರತೈತಿ ಪದ್ಧತಿ. ಸೊಸಿ ತವರಿಗೆ ಹೊಂಟ್ರ ಉಡಿ ತುಂಬಿ ಕಳಸ್ತಾರ ಅಲ್ಲ? ಅಕ್ಕಿ, ಕೊಬ್ಬರಿ, ಎಲಿಅಡಿಕಿ. ಇಲ್ಲದವರ ಮನಿಯಾಗೂ ಒಂದ ಹಿಡಿ ಅಕ್ಕಿ ಹಾಕ್ತಾರ. ಬರಿ ಉಡಿಯಾಗ ಹೆಣ್ಣಮಗಳನ್ನ ಹೊಸ್ತಿಲಾ ದಾಟಸೂದಿಲ್ಲ, ತಿರುಗಿ ಬಾ ಅಂತ ಅದರ ಅರ್ಥ. ಅಕಿ ಆಟೋದಿಂದ ಇಳದಾಗ ನಾ ಮೊದಲ ಸೆರಗು ನೋಡಿದೆ. ಅವಸರದಾಗ ಮರತಿರಬೇಕು. ಇಷ್ಟು ದೊಡ್ಡ ವಸ್ತು ಪ್ಯಾಕ್ ಮಾಡೂ ಗದ್ದಲದಾಗ ಯಾರಿಗೆ ನೆನಪಿರತೈತಿ.

ಇದೇನು ಹಾಕಿದ್ರಿ, ಪೂರಾ ಕೆಂಪು? ಓ, ಒಂದೊಂದ ಬಣ್ಣ ತುಂಬಸಿ ನೋಡೂದು. ಚಲೋ ಪದ್ಧತಿ. ಕೆಂಪಿನಾಗ ಏನೂ ಇಲ್ಲ ಅಂತೀರಿ. ನನಗೂ ಕಾಣವಲ್ದು... ಹಸಿರು. ಇಲ್ಲ. ನೀಲಿ. ಇಲ್ಲ. ಕರಿದು ಹಾಕ್ರಿ, ಕರಿದರಾಗ ಬಿಳಿ ಅಡಗೂದಿಲ್ಲ. ಹಾಕ್ರಿ... ನನ್ನ ಮುಖ ಕಾಣಾಕತ್ತೈತಿ. ಹಿಂದ ಪರದೆ ಕಾಣತೈತಿ. ಬ್ಯಾರೆ ಏನಿಲ್ಲ.

ಬಲಗಡೆ ಕೆಳಗ ನೋಡಿದ್ರಿ? ಮತ್ತೊಮ್ಮೆ ನೋಡ್ರಿ. ಬಗ್ಗಿ ನೋಡ್ರಿ, ಓರೀಲೆ ನೋಡ್ರಿ. ಕೆಲವು ಕಲೆ ಎದುರಿಗೆ ನಿಂತ್ರ ಕಾಣೂದಿಲ್ಲ.

ಏನಂದ್ರಿ? ಯಾವಾಗಿಂದ ಐತಿ ಅಂತಲಾ? ಕೊಡೂ ಮುಂದ ಇತ್ತೋ, ಆಮ್ಯಾಲೆ ಬಂತೋ... ಏನ್ರಿ ನಿಮ್ಮ ಮಾತಿನ ಅರ್ಥ? ಇದ್ದದ್ದನ್ನ ಮುಚ್ಚಿ ಕೊಟ್ಟೀವಿ ಅಂತಲೇನು? ನೀವೂ ಅದನ್ನ ಕೇಳ್ತೀರಾ? ಕೊಡೂ ಮುಂದ ನೋಡಿಲ್ಲೇನು ಅವರು? ಹಗಲಿನಾಗ ನೋಡ್ಯಾರ, ದೀಪದಾಗ ನೋಡ್ಯಾರ, ಕುಂದರಿಸಿ, ನಿಂದರಿಸಿ, ನಡಸಿ... 

ಇಲ್ಲ. ಕ್ಷಮಿಸ್ರಿ. ನೀವು ವಾರಂಟಿ ಸಲುವಾಗಿ ಕೇಳಿದ್ರಿ. ಕೇಳೂದು ನಿಮ್ಮ ಕೆಲಸ. ಆಮ್ಯಾಲೆ ಬಂದದ್ದು ಅಂತ ಬರಕೋರಿ.

ಬರಕೊಳ್ಳಾಕ ಏನಿಲ್ಲ ಅಂದ್ರ? ಕಲೆ ಇದ್ರ ಅಲ್ಲ ಬರಕೊಳ್ಳೂದು, ಅಂತೀರಿ. ಅದೂ ಖರೇ... ಹಂಗಾದ್ರ ಹಿಂಗ ಮಾಡ್ರಿ. ನಿಮಗ ಕಾಣಲಿಲ್ಲ, ಇರಲಿ. ಒಳಗ ಏನೋ ಐತಿ, ಪಾರ್ಟು ತರಿಸಬೇಕು, ತಡಾ ಆಗತೈತಿ ಅಂತ ಬರದು ಹೋಗ್ರಿ. ಎಷ್ಟು ತಡಾ ಆದ್ರೂ ನಾ ಜಗಳಾ ಮಾಡೂದಿಲ್ಲ. ಗಿರಾಕಿನ ತಡಾ ಮಾಡ್ರಿ ಅಂತಾಳಂದ್ರ ನಿಮ್ಮ ಸಾಹೇಬ್ರು ಖುಷಿ ಪಡಬೇಕು.

ನಗಬ್ಯಾಡ್ರಿ. ನನ್ನ ತ್ರಾಸು ನನಗ. ಬಾಜೂಮನಿ ಬಿಸ್ಮಿಲ್ಲಾಬಿ ದಿನಾ ಗ್ವಾಡಿ ಮ್ಯಾಲಿಂದ ಕೇಳ್ತಾಳ, ಬಾಯಾರ, ಕಂಪ್ಯೂಟರ್ ರಿಪೇರಿ ಆತೇನ್ರಿ, ಮೀನಾ ಯಾವಾಗ ಹೋಗ್ತಾಳ ಅಂತ. ಪಾರ್ಟು ಬರಬೇಕು ಅಂತೀನಿ. ಎಲ್ಲಿಂದ ಅಂತಾಳ. ಮೊದಲ ಬೆಂಗಳೂರಿಂದ ಅಂದಿದ್ದೆ. ಬರಲಿಲ್ಲೇನ್ರಿ ಅಂದ್ಲು, ಮದ್ರಾಸಿನಿಂದ ಅಂದೆ. ನಿನ್ನೆ ಚೀನಾದಿಂದ ಅಂದೀನಿ. ಅಯ್ಯ, ಅಷ್ಟು ದೂರದಿಂದ ಅಂದ್ರ ತಡಾ ಆಗೂದ, ಬರಲಿ ಬಿಡ್ರಿ ಸಾವಕಾಶ ಅಂದ್ಲು. ಸಂಜಿಕ ಬದನಿಕಾಯಿ ಪಲ್ಯ ತಂದು ಕೊಟ್ಟಳು, ಮೀನಾಗ ಸೇರತೈತಿ ಅಂತ. ಬಟ್ಟಲಾ ಕೈಗೆ ಕೊಡೂ ಮುಂದ ನನ್ನ ಮುಖ ನೋಡಲಿಲ್ಲ.

ಸುಳ್ಳು ಹೇಳಿದ ಮಕ್ಕಳನ್ನ ಬಾಕಿನ ಮ್ಯಾಲೆ ನಿಂದರಿಸಿದಾಕಿ ನಾ.

ತಡೀರಿ, ಚಾ ಆಗಿರಬೇಕು. ಮೀನಾ, ಅಲ್ಲೇ ಕಟ್ಟಿ ಮ್ಯಾಲೆ ಇಡವ್ವಾ, ನಾ ಬಂದು ತಗೋತೀನಿ. ನೀ ಹೊರಗ ಬರಬ್ಯಾಡ. ಬರಬ್ಯಾಡ ಅಂದೆನಲ್ಲ... ಕೊಡು. ಕೊಡು ಇಲ್ಲಿ. ನೀ ಒಳಗ ಹೋಗು.

ತಗೋರಿ. ಬಿಸಿ ಐತಿ, ಅಂಚು ಹಿಡೀರಿ.

ಅಕಿ ಕೈ ಯಾಕ ನೋಡಿದ್ರಿ?

ಅದು ಸುಟ್ಟದ್ದು. ಒಗ್ಗರಣಿ ಹಾಕೂ ಮುಂದ ಎಣ್ಣಿ ಸಿಡೀತು. ಎರಡೂ ಕೈಗೆ, ಹೂಂ. ಎಣ್ಣಿ ಸಿಡದ್ರ ಒಂದ ಕೈಗೆ ಸಿಡೀಬೇಕು ಅಂತ ಏನಿಲ್ಲ. ಸುಟ್ಟ ಚರ್ಮ ಮೊದಲ ಹಂಗ ಬೆಳ್ಳಗ ಆಗತೈತಿ, ಆಮ್ಯಾಲೆ ತಾನ ಬಣ್ಣಾ ಹಿಡೀತೈತಿ. ಒಂದ ಸ್ವಲ್ಪ ಮದರಂಗಿ ಹಚ್ಚಿದ್ರ ಕಾಣೂದ ಇಲ್ಲ. ಮದುವಿಯಾಗ ಮೊಣಕೈ ತನಕ ಹಚ್ಚಿಸಿದ್ದೆ, ಇಬ್ಬರನ್ನ ಕರಸಿ, ಬೆರಳ ತುದಿ ಪೂರಾ ತುಂಬಿಸಿ. ಏನ ಕೆಂಪು ಹತ್ತಿತ್ತಂತೀರಿ! ಬ್ಯಾಡಗಿ ಹೆಣ್ಣಮಕ್ಕಳು ಕೈ ಹಿಡಿದು ಹಿಡಿದು ನೋಡಿದ್ರು. ನಮ್ಮೂರ ಮೆಣಸಿನಕಾಯಿ ಸೋತು ಹೋತು, ಇಷ್ಟು ಕೆಂಪು ಹತ್ತಿದಾಕಿನ್ನ ಅತ್ತಿ ಅಂಗೈಯಾಗ ಇಟ್ಕೋತಾಳ ಅಂದ್ರು. ಜಯವ್ವನೂ ನಕ್ಕಳು.

ಮದರಂಗಿ ಎಷ್ಟು ದಿನ ಇರತೈತಿ ಹೇಳ್ರಿ. ಭಾಂಡೆ ತಿಕ್ಕೂ ಕೈಗೆ, ಅರಿವಿ ಒಗಿಯೂ ಕೈಗೆ.

ಏನು? ಏನಂದೆ ನಾ? ಮದುವಿ ದಿನಾನೂ ಕಲೆ ಇತ್ತು ಅಂದ್ನೇನು? ಸುಟ್ಟದ್ದು ಈಗ. ಮದರಂಗಿ ಆವಾಗ. ಬ್ಯಾರೆ ಬ್ಯಾರೆ ಮಾತು. ನೀವು ಹಂಗ ನೋಡಿದ್ರ ನನಗ ಮಾತು ತಪ್ಪತಾವು.

ಚಾ ಆರತೈತಿ. ಕುಡೀರಿ. ಕುಡೀರಿ, ಏನೂ ಆಗೂದಿಲ್ಲ... ಅಂದ್ರ, ಬಾಯಿ ಸುಡೂದಿಲ್ಲ ಅಂತ. ಈಗ ಹದಾ ಆಗೈತಿ. ಕುಡದ್ರಿ? ಪೂರಾ ಕುಡದ್ರಿ. ಒಳ್ಳೇದು.

ನಿನ್ನೆ ನಮ್ಮ ತಂಗಿ ಬಂದಿದ್ಲು. ಅರ್ಧಾ ಬಿಟ್ಟು ಹೋದ್ಲು.

ನೀವು ಇನ್ನೂ ಆ ಮೂಲಿಗೆ ಯಾಕ ನೋಡಾಕತ್ತೀರಿ? ಸಾಕು ಬಿಡ್ರಿ. ಸಾಕು. ಆಗಿಂದ ನಾ ಅಲ್ಲೇ ಐತಿ, ಅಲ್ಲೇ ಐತಿ ಅಂತ ಹೇಳಾಕತ್ತೀನಿ, ಅದು ಅಲ್ಲಿದ್ದದ್ದು ಹೆಂಗ ಗೊತ್ತಾತು ಅಂತ ನೀವು ಕೇಳಲಿಲ್ಲ. ಹೇಳ್ತೀನಿ. ಡಬ್ಬಿ ಬಂದ ದಿನ, ಆಟೋದಾಂವ ಹೋದಕೂಡ್ಲೆ ನಾನ ಬಿಚ್ಚಿದೆ. ಇಲ್ಲೇ ಇಟ್ಟು, ಹಚ್ಚಿ, ಎಲ್ಲವ್ವಾ ಕಲೆ, ತೋರಸು ಅಂದೆ. ಅಕಿ ಕೈ ಸೆರಗಿನಾಗ ಸುತ್ತಿಕೊಂಡು ನಿಂತಿದ್ಲು. ನನ್ನ ಮುಖ ನೋಡಿದ್ಲು. ಕಂಪ್ಯೂಟರಿಂದ ಅಲ್ಲ ಮಾತು? ಅದರಾಗಿನ ಕಲೆ ತೋರಸು ಅಂತ ನಾ ಮತ್ತ ಅಂದೆ. ಆವಾಗ ಅಕಿ ಸೆರಗಿನ ಒಳಗಿಂದನ ಬೆರಳು ಮಾಡಿದ್ಲು. ಬಲಗಡೆ, ಕೆಳಗ. ‘ಇಲ್ಲೈತಿ ಅವ್ವಾ’ ಅಂದ್ಲು. ನಾ ಕನ್ನಡಕ ಹಾಕ್ಕೊಂಡೆ, ಬಗ್ಗಿದೆ, ನೋಡಿದೆ. ‘ಹೌದವ್ವಾ, ಐತಿ’ ಅಂದೆ.

ಹೂಂ. ಐತಿ ಅಂದೆ.

ನಿಮ್ಮ ಫೋನ್ ಸದ್ದು ಮಾಡ್ತು ನೋಡ್ರಿ. ನಿಮ್ಮ ಆಫೀಸಿನವರಿರಬೇಕು, ಇಷ್ಟ್ಯಾಕ ತಡಾ ಅಂತ. ಬಾಯಾರು ಬಿಡವಲ್ಲರು ಅಂತ ಹೇಳ್ರಿ... ಏನಾತು? ಏನೈತಿ ಅದರಾಗ? ತೋರಸ್ರಿ ಇಲ್ಲಿ. ಕನ್ನಡಕ ಐತಿ, ಓದ್ತೀನಿ. ನಮ್ಮ ಕಂಪ್ಲೇಂಟು... ಗ್ರಾಹಕರು ರದ್ದು ಮಾಡ್ಯಾರ. ಯಾವ ಗ್ರಾಹಕರು? ನಾ ಇಲ್ಲೇ ನಿಮ್ಮ ಮುಂದ ಕುಂತೀನಿ, ನಾ ಯಾವಾಗ ರದ್ದು ಮಾಡಿದೆ? ಬ್ಯಾರೆ ಯಾರದೋ ನಿಮಗ ಬಂದಿರಬೇಕು. ನಂಬರು ನೋಡ್ರಿ. ನನ್ನ ಹಳೇ ಫೋನಿನಾಗ ನಿಮ್ಮ ಆ್ಯಪ್ ಕುಂದರಲಿಲ್ಲ ಅಂತ ಕಂಪ್ಲೇಂಟು ಹಾಕಿದ್ದು...

ಮೀನಾನ ಫೋನಿನಿಂದ.

ಕರಿ ಬಣ್ಣ ಹಂಗ ಇರಲಿ, ಆರಿಸಬ್ಯಾಡ್ರಿ. ಪರದೆ ಕಾಣತೈತಿ ಅದರಾಗ. ಪರದೆ ಕೆಳಗ ಕಾಲು ಕಾಣಾಕತ್ತಾವು, ಕಾಲುಂಗರದ್ವು. ನಿಮಗ ಮೊದಲ ಕಂಡಿದ್ವೇನು? ನೀವು ಈ ಗಾಜಿನ ಕಡೆ ಮುಖ ಮಾಡಿ ಕುಂತವರು... ಕಂಡಿದ್ವು. ಚಾ ಕೊಟ್ಟು ಅಕಿ ಒಳಗ ಹೋಗೇ ಇಲ್ಲ. ಚಾಕ್ಕಿಂತ ಮೊದಲಿಂದನೂ ನಿಂತಾಳೇನು?

ಹೇಳಬ್ಯಾಡ ಬಿಡು ತಮ್ಮಾ.

ನಾ ಏನೇನ ಅಂದೆ ತಮ್ಮಾ? ಕಲೆ ಇದ್ದದ್ದು ವಾಪಸ್ ಅಂದೆ. ನಿಂದರಿಸಿ, ನಡಸಿ ನೋಡಿ ತಗೊಂಡಾರ ಅಂದೆ. ಬಿಳಿಚಿದ ಕಾಯಿ ಅಂದೆ. ಎಲ್ಲಾ ಈ ಡಬ್ಬಿ ಮ್ಯಾಲೆ ಹಾಕಿ ಅಂದೆ. ಅಕಿ ಅಲ್ಲಿ ನಿಂತು ಕೇಳಿದ್ಲು.

ನೀನರ ಏನಾರ ಅನ್ನು. ನೆಲಾ ನೋಡಬ್ಯಾಡ. ಸಾಲಿಯಾಗ ಹುಡುಗೂರು ಹಿಂಗ ನೆಲಾ ನೋಡಿದ್ರ ನಾ ತಿಳಕೊಳ್ತಿದ್ದೆ, ಖರೇ ಏನಂತ ಇವಕ್ಕ ಗೊತ್ತೈತಿ ಅಂತ. ನಿನಗೂ ಗೊತ್ತಾಗೈತಿ. ಕೆಂಪು ಹಾಕಿದಾಗ ಗೊತ್ತಾತೋ, ಕೈ ನೋಡಿದಾಗ ಗೊತ್ತಾತೋ.

ಜಯವ್ವ ಫೋನಿನಾಗ ಕಂಪ್ಯೂಟರ್ ಅಂತ ಅಂದಿರಲಿಲ್ಲ.

‘ನೀವು ಕೊಟ್ಟದ್ದರಾಗ ಬಿಳಿ ಕಲೆ ಐತಿ.’ ಇಷ್ಟ ಅಂದದ್ದು. ತೊನ್ನು ಅಂತ ಬಾಯಿ ಬಿಟ್ಟು ಅನ್ನಲಿಲ್ಲ, ದೊಡ್ಡ ಮನಿಯವರು. ನಮ್ಮ ಮನಿಯಾಗೂ ಯಾರೂ ಆ ಶಬ್ದ ಅಂದಿಲ್ಲ. ನಾ ಅನ್ನಗೊಟ್ಟಿಲ್ಲ. ಇವತ್ತ ಮೊದಲ ನನ್ನ ಬಾಯಿಂದ ಬಂದದ್ದು, ಅದೂ ಹೊರಗಿನ ಮನಿಷ್ಯಾನ ಮುಂದ. ಕಂಪ್ಯೂಟರ್ ಅನ್ನೂದನ್ನ ನಾ ಸೇರಸಿದೆ. ಫೋನ್ ಕೆಳಗ ಇಡೂದರೊಳಗ ಸೇರಸಿದ್ದೆ. ಮಾವಿನಕಾಯಿ ಹೆಚ್ಚೂ ಚಾಕು ಇನ್ನೂ ಕೈಯಾಗಿತ್ತು. ಮೀನಾ ಬಂದು ಇಳದಾಗ ಅದನ್ನ ಅಕಿಗೂ ಹೇಳಿದೆ, ಕಂಪ್ಯೂಟರ್ ಕೆಟ್ಟೈತಂತಲ್ಲವ್ವಾ ಅಂತ. ಹೂಂ ಅಂದ್ಲು. ಅವ್ವಗ ಇದ ಬೇಕಾಗೈತಿ ಅಂತ ಅಕಿಗೆ ಗೊತ್ತಾತು.

ಡಾಕ್ಟರು ಅಕಿ ಕಾಲೇಜಿನಾಗ ಇದ್ದಾಗನ ಹೇಳಿದ್ರು, ಅಂಟೂದಲ್ಲ, ಜೀವಕ್ಕೇನಿಲ್ಲ, ಮುಚ್ಚಬ್ಯಾಡ್ರಿ ಅಂತ. ನಾ ತುಂಬು ತೋಳಿನ ಕುಬಸ ಹೊಲಿಸಿದೆ, ಬೆರಳಿಗೆ ಮದರಂಗಿ ಹಚ್ಚಿಸಿದೆ. ಬೀಗರು ನೋಡಾಕ ಬಂದ ದಿನ, ಹೇಳೂಣವ್ವಾ ಅಂತ ಅಕಿ ನನ್ನ ಸೆರಗು ಹಿಡಿದು ಕೇಳಿದ್ಲು. ಕಾಲಚೀಲ ಹೊಳ್ಳಿಸಿ ಹಾಕ್ಕೊಂಡು ಸಾಲಿ ಗೆದ್ದಾಕಿ ನಾ, ಏನ ಹೇಳಿರಬೇಕು ನೀನ ತಿಳಕೋ.

ಏಳಬ್ಯಾಡ ತಮ್ಮಾ. ಚೀಲಾ ಕಟ್ಟಬ್ಯಾಡ ಇನ್ನ. ಕಂಪ್ಲೇಂಟು ಇಲ್ಲ ಖರೇ, ಆದ್ರ ನೋಡಿದಾಂವ ನೀನ ಅಲ್ಲ? ನೋಡಿದವರು ಏನ ಕಂಡಿತು ಅಂತ ಹೇಳಿ ಹೋಗಬೇಕು. ನನಗ ಬ್ಯಾಡ. ಅತ್ತಾಗ ತಿರುಗಿ ಹೇಳು, ಆ ಬಾಗಿಲ ಕಡೆ. ಪರದೆ ಸರಸಬ್ಯಾಡ, ಅಕಿಗೆ ಬೇಕಾದಾಗ ಅಕಿನ ಸರಸಲಿ. ನಿನ್ನ ಕೆಲಸದ ಮಾತಿನಾಗ ಹೇಳು. ಎಲ್ಲಾ ಬಣ್ಣಾ ಹಾಕಿ ನೋಡಿದೆ, ಬೆಳಕಿನಾಗ ನೋಡಿದೆ, ಕತ್ತಲಾಗ ನೋಡಿದೆ, ಎಲ್ಲೂ ದೋಷ ಇಲ್ಲ ಅಂತ ಹೇಳು. ನಾ ಹೇಳಿದ್ರ ಅಕಿ ನಂಬೂದಿಲ್ಲ. ಇಷ್ಟು ವರ್ಷ ಮುಚ್ಚಿದ ಕೈ ನನ್ನವು, ಹೆಂಗ ನಂಬ್ಯಾಳು.

ಹೇಳು ತಮ್ಮಾ, ಸ್ವಲ್ಪ ಗಟ್ಟಿಯಾಗಿ. ಕಂಪ್ಯೂಟರ್ ಅಂತ ಮಾತ್ರ ಸೇರಸಬ್ಯಾಡ.